ಅವ್ವ ಹೇಳದ ಹೆಸರು

ನೆರೆದ ಮಹಾಜನರೇ, ಕಿವಿಗೊಡಿ! ಇವತ್ತು ಅಟ್ಟದಿಂದ ಹಳೆಯ ಸ್ಟೌ ಇಳಿಸಿದಾಗ ಸೀಮೆಎಣ್ಣೆ ವಾಸನೆ ಬಡಿಯಿತು. ನಾನು ಮತ್ತೆ ಸಣ್ಣ ಹುಡುಗನಾಗಿ, ಈ ಶಹರದ ಸಯನ್ ಬಡಾವಣೆಯ ಕಡೆಯ ಆ ರೇಷನ್ ಕಚೇರಿಯಲ್ಲಿ, ಸೀಮೆಎಣ್ಣೆಯ ಕಾರ್ಡಿಗೆ ಮುದ್ರೆ ಹಾಕಿಸಲು ಅವ್ವನ ಸೆರಗು ಹಿಡಿದು ನಿಂತಿದ್ದೆ.

"ಏ ಬಾಯಿ, ಪತಿ ಕಾ ನಾಮ್ ಬೋಲ್!" ಕಿಟಕಿಯ ಸರಳಿನಾಚೆ ಗುಮಾಸ್ತ ಗುಡುಗಿದ.

ಗಂಡನ ಹೆಸರೆತ್ತಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿದ್ದ ಅವ್ವ ಕಾರ್ಡನ್ನಷ್ಟೇ ಸರಳಿನೊಳಗೆ ಚಾಚಿದಳು.

"ಚೋರಿ ಕಾ ಕಾರ್ಡ್ ಹೈ ಕ್ಯಾ? ಪೊಲೀಸ್ ಕೋ ಬುಲಾವೂಂ?" ಕಳವಿನ ಕಾರ್ಡೇನು, ಪೊಲೀಸರನ್ನು ಕರೆಯಲೇ ಎಂದು ಗದರಿದ.

ಅವ್ವ ನನ್ನ ಬೆನ್ನು ತಿವಿದಳು. "ನಿಮ್ಮಪ್ಪನ ಹೆಸರು ಲಗೂನ ಹೇಳಪಾ!"

ಪೊಲೀಸರು ಅವ್ವನನ್ನು ಎಳೆದೊಯ್ಯುವುದೇ ಕಣ್ಣಿಗೆ ಕಟ್ಟಿತು. ಕಡೆಗೆ ಬಯಲಾಟದ ರಾಜನಂತೆ ಅರಚಿದೆ: "ವೀರಭದ್ರಪ್ಪ!"

ಠಪ್ಪೆಂದು ಕಾರ್ಡಿಗೆ ಮುದ್ರೆ ಬಿತ್ತು.

ಹೋದ ತಿಂಗಳು ಅಪ್ಪ ತೀರಿಕೊಂಡ. ಅವ್ವ ಇಂದಿಗೂ ಆ ಹೆಸರೆತ್ತುವುದಿಲ್ಲ. ನಾಳೆ ಬೆಳಿಗ್ಗೆ ಅದೇ ಕಿಟಕಿಯೆದುರು ನಿಂತು, ಕಾರ್ಡಿನಿಂದ ತೆಗೆಸುವುದಕ್ಕಾಗಿ, ಆ ಹೆಸರನ್ನು ನಾನೇ ಹೇಳುತ್ತೇನೆ.