ವರದಿಯ ಮೇಲೆ ಮೊಟ್ಟೆಯಿಟ್ಟ ಚಿಟ್ಟೆ

ಮೊನ್ನೆ ದೊಡ್ಡಬಳ್ಳಾಪುರದಿಂದ ಬರುವ ಬಸ್ಸಿನಲ್ಲಿ ರೈತನೊಬ್ಬ ತೊಡೆಯ ಮೇಲೆ ಚೀಲವಿಟ್ಟುಕೊಂಡು ನನ್ನ ಪಕ್ಕ ಕೂತ. ಚೀಲದ ವಾಸನೆಗೆ ಹಿಂದಿನವರು ಮೂಗು ಮುಚ್ಚಿಕೊಂಡರು, ಮುಂದಿನವರು ಕಿಟಕಿ ತೆರೆದರು. ನಾನೊಬ್ಬ ಮಾತ್ರ, ನಗಬೇಡಿ, ಇನ್ನಷ್ಟು ಹತ್ತಿರ ಸರಿದೆ. ಹಸಿ ರೇಷ್ಮೆಗೂಡಿನ ವಾಸನೆ ಅದು. ಒಂದು ಕಾಲದಲ್ಲಿ ನನ್ನ ಕೋಟು, ಪುಸ್ತಕ, ಕೊನೆಗೆ ಉಣ್ಣುವ ಅನ್ನಕ್ಕೂ ಅದೇ ವಾಸನೆ ಹತ್ತಿತ್ತು.

ಆಗ ಯುದ್ಧದ ಕಾಲ. ಪ್ಯಾರಾಚೂಟಿಗೆ ರೇಷ್ಮೆ ಎಷ್ಟಿದ್ದರೂ ಸಾಲದು. ಬೆಂಗಳೂರಿನ ದೊಡ್ಡ ಕಂಪನಿಯೊಂದು ತನ್ನ ಮುಂದಿನ ಮ್ಯಾನೇಜರುಗಳನ್ನು ತಾನೇ ತಯಾರು ಮಾಡಿಕೊಳ್ಳಬೇಕೆಂದು ನಾಲ್ಕು ಜನ ಬಿ.ಎ. ಪಾಸಾದವರನ್ನು ವರ್ಷದ ತರಬೇತಿಗೆ ಆರಿಸಿತು. ಅವರಲ್ಲಿ ನಾನೂ ಒಬ್ಬ. ಮೊದಲು ಆಫೀಸು, ಆಮೇಲೆ ಗಿರಣಿ, ಕೊನೆಗೆ ಹಳ್ಳಿವಾಸ. ಎಲ್ಲ ಮುಗಿದ ಮೇಲೆ ಒಂದು ವರದಿ. ವರದಿ ಒಪ್ಪಿಗೆಯಾದರೆ ಕೆಲಸ ಕಾಯಂ, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ನಮ್ಮ ತಂದೆಯವರೋ "ನಮ್ಮ ಹುಡುಗ ಮ್ಯಾನೇಜರು" ಎಂದು ಆಗಲೇ ಬೀದಿಗೆಲ್ಲ ಸಾರಿಬಿಟ್ಟಿದ್ದರು. ಯಾವ ಮುಖ ಹೊತ್ತು ಮನೆಗೆ ಹೋಗಲಿ, ನೀವೇ ಹೇಳಿ.

ಹಳ್ಳಿವಾಸಕ್ಕೆ ನನ್ನನ್ನು ದೊಡ್ಡಬಳ್ಳಾಪುರದ ಹತ್ತಿರದ ಮಧುರೆಗೆ ಹಾಕಿದರು. ಅಲ್ಲಿ ಹುಳ ಸಾಕುವುದರಲ್ಲಿ ಮುನಿಯಮ್ಮನವರದು ಎತ್ತಿದ ಕೈ ಎಂದು ಊರೇ ಹೇಳಿತು. ನಲವತ್ತೈದರ ಗಟ್ಟಿ ಹೆಂಗಸು. ಮೊದಲ ದಿನ ಕೋಟು ತೊಟ್ಟು, ತಲೆಗೆ ಘಮಘಮ ಎಣ್ಣೆ ಬಳಿದುಕೊಂಡು ಠೀವಿಯಿಂದ ಹೋದೆ. ಬಾಗಿಲಲ್ಲೇ ತಡೆದರು.

"ನಿಮ್ ಎಣ್ಣೆ ವಾಸ್ನೆ ಹುಳಕ್ಕಾಗಲ್ಲ ಸ್ವಾಮಿ. ತಲೆಗೆ ನೀರ್ ಹಾಕ್ಕೊಂಡು ಬಂದ್ಬಿಡಿ, ಹೋಗಿ."

ಕಂಪನಿಯ ಭಾವೀ ಮ್ಯಾನೇಜರು ಬಾವಿಕಟ್ಟೆಯಲ್ಲಿ ಸೀಗೆಪುಡಿ ತಿಕ್ಕಿಕೊಂಡು, ಬರಿಗಾಲಲ್ಲಿ ಹುಳದ ಮನೆ ಹೊಕ್ಕ.

ಹೊಕ್ಕಮೇಲೆ ಹೊರಬರುವ ಮನಸ್ಸೇ ಆಗಲಿಲ್ಲ. ಬಿದಿರು ತಟ್ಟೆಗಳ ತುಂಬ ಹುಳ. ಸಾವಿರಾರು ಬಾಯಿ ಸೊಪ್ಪು ಮೇಯುವ ಸದ್ದು ಸಣ್ಣ ಮಳೆ ಹೊಯ್ದಂತೆ. ಮುನಿಯಮ್ಮ ಅಂಗಳದಲ್ಲಿ ರಾಗಿ ಕೇರುತ್ತಲೇ ಆ ಸದ್ದು ಕೇಳಿ "ಮೂರ್ನೇ ತಟ್ಟೇಲಿ ಸೊಪ್ಪು ಮುಗೀತು" ಎನ್ನುತ್ತಿದ್ದರು. ಹೋಗಿ ನೋಡಿದರೆ ಮುಗಿದೇ ಇರುತ್ತಿತ್ತು. ಪೊರೆ ಬಿಡುವ ಮುನ್ನ ಹುಳ ಮೇವು ಬಿಟ್ಟು ತಲೆಯೆತ್ತಿ ಸುಮ್ಮನೆ ನಿಲ್ಲುತ್ತದೆ. ಅದಕ್ಕೆ ಅವರು ಜ್ವರ ಎನ್ನುತ್ತಿದ್ದರು. ಜ್ವರ ಯಾವಾಗ ಬರುತ್ತದೆ, ಯಾವಾಗ ಬಿಡುತ್ತದೆ, ಎಲೆಯ ತೇವ ಎಷ್ಟಿರಬೇಕು, ನಾನು ಕೇಳಿದ್ದೇ ಕೇಳಿದ್ದು. "ಅಯ್ಯೋ, ಎಷ್ಟ್ ಕೇಳ್ತೀರಪ್ಪಾ" ಎಂದು ಗದರುತ್ತಲೇ ಎಲ್ಲ ಹೇಳಿಕೊಟ್ಟರು. ನಾನು ಎಲ್ಲವನ್ನೂ ಬರೆದುಕೊಂಡೆ.

ವರದಿ ಸಿದ್ಧವಾಯಿತು. ಹದಿನೆಂಟು ಪುಟ, ಇಂಗ್ಲಿಷಿನಲ್ಲಿ, ಮುತ್ತು ಪೋಣಿಸಿದ ಅಕ್ಷರ. ಜೊತೆಗೆ ಮಾದರಿಗೆಂದು ಹನ್ನೆರಡು ಗೂಡು. ಗೂಡನ್ನು ಹಬೆಗಿಟ್ಟು ಒಳಗಿನ ಹುಳ ಕೊಂದೇ ಕಳಿಸಬೇಕೆಂಬುದು ಕಂಪನಿಯ ನಿಯಮ. ನಾನು ಇಡಲಿಲ್ಲ. ಎಲ್ಲ ನೋಡಿದ್ದೆ, ಗೂಡಿನಿಂದ ಚಿಟ್ಟೆ ಬರುವುದೊಂದನ್ನು ನೋಡಿರಲಿಲ್ಲ. ನೋಡಿಯೇಬಿಡೋಣವೆಂಬ ಹಾಳು ಕುತೂಹಲ. ಹಾಗೇ ತಗಡಿನ ಪೆಟ್ಟಿಗೆಗೆ ಹಾಕಿ, ಮೇಲೆ ವರದಿ ಇಟ್ಟು ಬೆಂಗಳೂರಿಗೆ ಬಂದೆ. ಮ್ಯಾನೇಜರಿಗೆ ವರದಿ ಒಪ್ಪಿಸಬೇಕಿದ್ದ ಸಂದರ್ಶನ ನಾಲ್ಕು ದಿನ ಮುಂದಕ್ಕೆ ಹೋಯಿತು. ವರದಿಯ ಚಿಂತೆಯಲ್ಲಿ ಗೂಡು ಮರೆತೇಹೋಯಿತು.

ಮ್ಯಾನೇಜರು ಜರಿಪೇಟದ ಹಿರಿಯರು, ಮಿತಭಾಷಿ. ಅವರ ಮೇಜಿನ ಮೇಲೆ ಪೆಟ್ಟಿಗೆ ತೆರೆದೆ. ದಪ್ಪ ಹೊಟ್ಟೆಯ ಬಿಳಿ ಚಿಟ್ಟೆಗಳು ರೆಕ್ಕೆ ಪಟಪಟಿಸುತ್ತ ಮೇಜಿನ ಮೇಲೆ ತೆವಳಿದವು. ವರದಿಯ ಮೊದಲ ಪುಟದಲ್ಲಿ ನನ್ನ ಹೆಸರಿನ ಮೇಲೆಲ್ಲ ಸಾಸಿವೆಗಿಂತ ಸಣ್ಣ ಹಳದಿ ಮೊಟ್ಟೆ. ಮುಗಿಯಿತು ನನ್ನ ಕಥೆ ಎಂದುಕೊಂಡೆ.

ಅವರು ನಗಲೂ ಇಲ್ಲ, ಬೈಯಲೂ ಇಲ್ಲ. "ಇವು ಎಷ್ಟು ದಿನಕ್ಕೆ ಹುಳ ಆಗ್ತವ್ರೀ?"

"ಮುನಿಯಮ್ಮನವರನ್ನ ಕೇಳಬೇಕು ಸರ್."

"ಯಾರದು ಮುನಿಯಮ್ಮ?"

ಹೇಳತೊಡಗಿದೆ. ಮುನಿಯಮ್ಮನವರ ಕಿವಿ, ಅವರ ಕೈ, ಎಲೆ ಮುಟ್ಟಿ ತೇವ ಹೇಳುವ ಬಗೆ. ನಾನು ಹೇಳುತ್ತಲೇ ಇದ್ದೆ, ಮ್ಯಾನೇಜರು ಪುಟ ತಿರುವುತ್ತಲೇ ಇದ್ದರು. ಕೊನೆಯ ಪುಟ ಮುಚ್ಚಿ ಕನ್ನಡಕ ತೆಗೆದರು.

"ಇಷ್ಟೆಲ್ಲ ಕಲಿಸಿದಾಕೆ ಹೆಸರು ಇಲ್ಲಿ ಒಂದು ಕಡೆನೂ ಇಲ್ವಲ್ಲ? ತಗೊಂಡು ಹೋಗಿ, ಇದನ್ನ ಆಕೆಗೆ ಓದಿ ಹೇಳಿ. ಆಮೇಲೆ ಬನ್ನಿ."

ಮರುದಿನ ಮಧುರೆಯ ಜಗಲಿಯ ಮೇಲೆ ಕೂತು ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದೆ. ಕೊನೆಗೆ ನನ್ನ ಸಲಹೆಗಳು ಬಂದವು: ಹಳ್ಳಿಯವರಿಗೆ ಶಿಸ್ತು ಸಾಲದು. ಸೊಪ್ಪು ಹಾಕುವ ಹೊತ್ತಿಗೆ ಗಂಟೆ ಬಾರಿಸಬೇಕು. ಮೇಲೊಬ್ಬ ಅಧಿಕಾರಿ ಇರಬೇಕು.

"ಗಂಟೆ ಯಾರ್ಗೆ ಸ್ವಾಮಿ, ಹುಳಕ್ಕಾ, ನಂಗಾ?" ಎಂದರು ಮುನಿಯಮ್ಮ. ಒಳಗಿಂದ ಸೊಸೆ ಕಿಸಕ್ಕನೆ ನಕ್ಕಳು. ಮುನಿಯಮ್ಮ ನಗಲಿಲ್ಲ. "ನಾನ್ ಹೇಳಿದ್ನೆಲ್ಲಾ ಬರ್ಕೊಂಡ್ರಲ್ಲ, ಬೆಂಗ್ಳೂರ್‌ನಲ್ಲಿ ಯಾರೋ ದೊಡ್ಡೋರು ನಮ್ ಮಾತ್ ಓದ್ತಾರೆ ಅಂತ ಖುಷಿ ಪಟ್ಟಿದ್ದೆ ಕಣಪ್ಪಾ."

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವರು ಮಾತ್ರ ಮೊಟ್ಟೆಯ ಹಾಳೆಯನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಒಳಗೆ ತಣ್ಣಗಿನ ಮೂಲೆಯಲ್ಲಿಟ್ಟರು. ಹತ್ತು ದಿನ ಅಲ್ಲೇ ಉಳಿದೆ. ಇರುವೆಗಿಂತ ಸಣ್ಣ ಕರಿ ಹುಳಗಳು ನನ್ನ ಅಕ್ಷರಗಳ ಮೇಲೆ ಹರಿದಾಡಿ, ಅವರು ಹೆಚ್ಚಿಹಾಕಿದ ಎಳೆ ಸೊಪ್ಪಿಗೆ ಏರಿದವು. ಹೊಸ ವರದಿ ಏಳೇ ಪುಟ. "ಮಧುರೆಯ ಮುನಿಯಮ್ಮನವರು ಹೇಳಿದ್ದು" ಎಂದು ಅದರ ಮೊದಲ ಸಾಲು. ಕೆಲಸ ಕಾಯಂ ಆಯಿತು.

ಇಲ್ಲಿಗೆ ಮುಗಿಸಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ನಿಮ್ಮ ಹತ್ತಿರ ಯಾಕೆ ಮುಚ್ಚಿಡಲಿ? ಆಮೇಲೆ ಮ್ಯಾನೇಜರಾಗಿ ಅದೆಷ್ಟೋ ವರದಿ ಬರೆದೆ. ಒಂದರಲ್ಲೂ ಅಂಥ ಇನ್ನೊಂದು ಹೆಸರಿಲ್ಲ. ಕುರ್ಚಿ ಸಿಕ್ಕಮೇಲೆ ಕೇಳುವುದನ್ನೇ ಬಿಟ್ಟೆ.

ಬಸ್ಸು ಕುಲುಕಿತು. ಪಕ್ಕದವನನ್ನು ಕೇಳಿದೆ: "ಗೂಡು ಚೆನ್ನಾಗಿದೆ. ಮನೇಲಿ ಹುಳ ನೋಡ್ಕೊಳ್ಳೋರು ಯಾರು?"

"ಇನ್ಯಾರು ಸ್ವಾಮಿ, ನಮ್ಮನೆಯವ್ಳು."

"ಹೆಸರೇನು?"

ಆತ ಗಾಬರಿಯಾಗಿ ನನ್ನ ಮುಖ ನೋಡಿದ. ಹೆಂಡತಿಯ ಹೆಸರನ್ನು ಬಾಯಿಬಿಟ್ಟು ಹೇಳಿ ಅಭ್ಯಾಸವಿಲ್ಲ, ಪಾಪ. ಹಿಂದೆ ಮುಂದೆ ನೋಡಿದ, ಚೀಲದ ಬಾಯಿ ಬಿಗಿದ, ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದ: "ಚಿಕ್ಕತಾಯಮ್ಮ."

ಜೇಬಿನಿಂದ ಪೆನ್ನು ತೆಗೆದು ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡೆ.