ನನ್ನ ಪತನ ಪಾಠ

ಜಾರಿ ಬಿದ್ದ ಮನುಷ್ಯ ಮೊದಲು ತಡವಿಕೊಳ್ಳುವುದು ಮೊಣಕಾಲನ್ನಲ್ಲ, ಮಾನವನ್ನು. ಮೂಳೆ ನೆಟ್ಟಗಿದೆಯೇ ಎಂದು ನೋಡಿಕೊಳ್ಳುವ ಮುಂಚೆ ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸುತ್ತಾನೆ. ನೀವೂ ಹಾಗೆ ಮಾಡಿರುತ್ತೀರಿ, ನಾಚಿಕೊಳ್ಳಬೇಡಿ. ಈ ವಿಷಯದಲ್ಲಿ ನನಗೆ ಸ್ವಲ್ಪ ಅಧಿಕಾರವಿದೆ, ಏಕೆಂದರೆ ಉಳಿದವರು ಸಂಗೀತ, ವ್ಯಾಕರಣ ಕಲಿಯುವ ವಯಸ್ಸಿನಲ್ಲಿ ನಾನು ಕ್ರಮಬದ್ಧವಾಗಿ ಅಧಃಪತನವನ್ನು ಅಭ್ಯಾಸ ಮಾಡಿದವನು.

ಅದು ಮೂವತ್ತರ ದಶಕದ ಸೇಲಂ. ಕನ್ನಡ ಮಾತಾಡುವ ನಮ್ಮ ನೇಕಾರರ ಬೀದಿಯ ತುದಿಯಲ್ಲಿ ಮಾದಯ್ಯ ವಸ್ತಾದರ ಗರಡಿ. ಅಪ್ಪ ನನ್ನನ್ನು ಕಳಿಸಿದ್ದು ಒಂದೇ ಷರತ್ತಿನ ಮೇಲೆ: ಮಣಿಕಟ್ಟಿಗೆ ಪೆಟ್ಟಾದ ದಿನವೇ ಗರಡಿಗೆ ಕೈಮುಗಿದು ಬಿಟ್ಟು ಬರಬೇಕು. ಬಾವಿಕಟ್ಟೆಯಲ್ಲಿ ಜಾರಿ, ಕೈ ಊರಿ ಮಣಿಕಟ್ಟು ಮುರಿದುಕೊಂಡಿದ್ದ ನಮ್ಮ ಚಿಕ್ಕಪ್ಪ, ಲಾಳಿ ಎಸೆಯಲಾಗದೆ, ಮಗ್ಗ ಬಿಟ್ಟು ಬೇರೆಯವರ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತ ಕೂತಿದ್ದರು.

ಕುಸ್ತಿಯಲ್ಲಿ ಬೆನ್ನಿಗೆ ಮಣ್ಣು ಹತ್ತಿದರೆ ಸೋಲು. ನಮ್ಮ ವಸ್ತಾದರು ಮೊದಲು ಹತ್ತಿಸಿದ್ದೇ ಅದನ್ನು. “ಕೈ ಊರ್‌ಬ್ಯಾಡ ಲೇ! ಗದ್ದ ಎದೆಗೆ ಒತ್ಕೊ, ಉಸಿರು ಬಿಡು, ಬೆನ್ನು ಉಂಡೆ ಮಾಡು. ಮಣ್ಣೇನು ಕಡಿತೈತಾ?” ಎನ್ನುತ್ತ, ಆ ಭಾರೀ ದೇಹವನ್ನು ತಾವೇ ಮೊದಲು ಕೆಡವಿ, ಜಮಖಾನ ಬಿಚ್ಚಿದಂತೆ ಸದ್ದಿಲ್ಲದೆ ಉರುಳಿ ಎದ್ದು ನಿಲ್ಲುತ್ತಿದ್ದರು. ಅಷ್ಟು ಚೆಂದವಾಗಿ ಬೀಳುವ ಇನ್ನೊಬ್ಬರನ್ನು ನಾನು ಈವರೆಗೆ ಕಂಡಿಲ್ಲ.

ಒಂದು ಸಂಜೆ ಅಪ್ಪ ನೋಡಲು ಬಂದು ಬಾಗಿಲಲ್ಲಿ ನಿಂತಿದ್ದರು. ಶಂಕಗಿರಿಯಿಂದ ಹೊಸದಾಗಿ ಬಂದಿದ್ದ, ಕನ್ನಡ ತಿಳಿಯದ ಮುತ್ತು ನನ್ನ ಎದುರಾಳಿ. ನನ್ನ ಕಾಲು ಕುಸ್ತಿಮಣ್ಣಿನ ಅಂಚಿಗೆ ಹಾಸಿದ್ದ ಕಲ್ಲಿನ ಕಡೆಗೇ ಜಾರಿತು. ವಸ್ತಾದರು ಗಾಬರಿಯಾಗಿ, “ಇಡಿ ಲೇ, ಅವನ್ನ ಇಡಿ!” ಎಂದು ಕೂಗಿದರು. ಹಕಾರಕ್ಕೂ ನಮ್ಮ ಬೀದಿಗೂ ಆಗಿಬರುವುದಿಲ್ಲ. ‘ಹಿಡಿ’ ನಮ್ಮ ಬಾಯಲ್ಲಿ ‘ಇಡಿ’. ತಮಿಳಿನಲ್ಲಿ ‘ಇಡಿ’ ಎಂದರೆ ಗುದ್ದು. ಗುರುವಾಕ್ಯ ಪರಿಪಾಲಕನಾದ ಮುತ್ತು ತಲೆ ತಗ್ಗಿಸಿ ನನ್ನ ಹೊಟ್ಟೆಗೆ ಗುದ್ದಿಯೇಬಿಟ್ಟ.

ನನ್ನ ಬುದ್ಧಿಗೆ ಏನೂ ಹೊಳೆಯಲಿಲ್ಲ, ಬೆನ್ನಿಗೆ ಹೊಳೆಯಿತು. ಗದ್ದ ತಾನಾಗಿ ಎದೆಗೆ ಹೋಯಿತು, ಕೈ ಊರಲಿಲ್ಲ, ಕಲ್ಲಿನಾಚೆ ಉರುಳಿ ಎದ್ದು ಕೂತೆ. “ನೀಂಗದಾನೇ ಇಡಿಕ್ಕ ಸೊನ್ನೀಂಗ?” ಎಂದು, ಗುದ್ದಲು ಹೇಳಿದವರು ನೀವೇ ತಾನೇ ಎಂಬ ಅಳುಮೋರೆಯಲ್ಲಿ ಮುತ್ತು ನಿಂತಿದ್ದ. ಅಪ್ಪ ನನ್ನ ಮಣಿಕಟ್ಟನ್ನು ತಿರುಗಿಸಿ, ಮಡಿಸಿ, ನೂಲಿನ ಎಳೆ ನೋಡುವಂತೆ ನೋಡಿದರು. “ಸರಿ, ನಾಳಿಕ್ಕೂ ಓಗು,” ಎಂದರು.

ಅಂದಿನಿಂದ ವಸ್ತಾದರು ಹಕಾರವನ್ನು ಎಷ್ಟು ನಿಷ್ಠೆಯಿಂದ ಹಿಡಿದುಕೊಂಡರೆಂದರೆ, ಬೇಡದ ಕಡೆಯಲ್ಲೂ ಬಿಡಲಿಲ್ಲ. ಬಿದ್ದವನಿಗೆ ‘ಏಳು’ ಎನ್ನುವ ಬದಲು “ಹೇಳು ಲೇ, ಹೇಳು!” ಎನ್ನತೊಡಗಿದರು. ಏನು ಹೇಳಬೇಕೆಂದು ತಿಳಿಯದೆ ನಾವು ನಗುತ್ತ ಏಳುತ್ತಿದ್ದೆವು.

ಇವತ್ತು ಬೆಳಿಗ್ಗೆ ಬಚ್ಚಲಲ್ಲಿ ಜಾರಿದೆ. ಈ ವಯಸ್ಸಿನಲ್ಲೂ ಕೈ ಊರಲಿಲ್ಲ. ಮಲಗಿದಲ್ಲಿಂದಲೇ ಸುತ್ತ ಕಣ್ಣಾಡಿಸಿದೆ. ಯಾರಾದರೂ ನೋಡಿಬಿಟ್ಟರೇ ಎಂದಲ್ಲ, ಇಷ್ಟು ಚೆನ್ನಾಗಿ ಬಿದ್ದದ್ದನ್ನು ಯಾರೂ ನೋಡಲಿಲ್ಲವಲ್ಲ ಎಂದು. ನೋಡಬೇಕಾದವರು ಹೋಗಿ ಎಷ್ಟೋ ಕಾಲವಾಯಿತು. ಆದರೂ ಕಿವಿಯಲ್ಲಿ “ಹೇಳು ಲೇ” ಎಂದಂತಾಯಿತು. ಎದ್ದೆ, ಇದೀಗ ಹೇಳಿಯೂ ಆಯಿತು.