ಅಟ್ಟದ ಕಾಯಿ, ಮಾವನ ಕಣ್ಣು

ಹುಚ್ಚರಂಗಯ್ಯನ ಬಲಗಣ್ಣಿಗೆ ಪೊರೆ ಬಂದು ಬಾಳ ದಿನ ಆಗಿತ್ತು. ಆಪರೇಷನ್ ಮಾಡಿಸ್ಕಳಿ ಅಂತ ತಿಪಟೂರಿನ ಡಾಕ್ಟರು ಹೇಳಿದ್ರು. ರಾಗಿ ಕೊಯ್ಲು ಮುಗೀಲಿ ಅಂದ. ಮುಗೀತು. ಕೊಬ್ಬರಿ ಆಗ್ಲಿ ಅಂತ ಅಟ್ಟಕ್ಕೆ ಹಾಕಿರೋ ತೆಂಗಿನಕಾಯಿ ಇಳಿಸ್ಬುಡಾನ ಅಂದ. ಕಣ್ಣಿಗೆ ಕೈ ಹಾಕಿ ಇರೋ ಬೆಳಕೂ ಹೋದ್ರೆ ಅನ್ನೋ ಭಯ ಒಳಗೆ. ಅಷ್ಟರಲ್ಲಿ ಎಡಗಣ್ಣೂ ಮಬ್ಬಾಯ್ತು. ಅದನ್ನ ಯಾರಿಗೂ ಹೇಳ್ಲಿಲ್ಲ. ಕೊಬ್ಬರಿ ಒಣಗೈತೋ ಇಲ್ವೋ ಅನ್ನೋದು ಕಾಯಿ ಅಲ್ಲಾಡಿಸಿದ್ರೆ ಕಿವಿಗೇ ಗೊತ್ತಾಗುತ್ತೆ. ಒಳಗಿನ ಕೊಬ್ಬರಿ ಉಂಡೆ ಒಡೀದಂಗೆ ಚಿಪ್ಪು ಬಿಡಿಸೋದ್ರಲ್ಲಿ ಹಂದನಕೆರೆ ಸುತ್ತ ಅವನ ಕೈ ಅಂದ್ರೆ ಕೈ.

ಸೊಸೆ ರಾಧಾಮಣಿ ಸ್ಕೂಲಲ್ಲಿ ಇಂಗ್ಲಿಷ್ ಹೇಳ್ಕೊಡ್ತಾಳೆ. ಒಂದಿನ ಸಾಯಂಕಾಲ ಜಗಲಿ ಮೇಲೆ ಕೂತ್ಕಂಡು ಸೋಮವಾರದ ಪಾಠ ನೋಡ್ಕತಿದ್ಲು. 'ಪುಟ್ ಆಫ್' ಅನ್ನೋ ಮಾತು. ಅಂದ್ರೇನವ್ವ ಅಂತ ಮಾವ ಕೇಳಿದ.

"ಬ್ಯಾಡ ಅನ್ನೋದಲ್ಲ ಮಾವ. ಮಾಡ್ತೀನಿ ಅಂತ್ಲೇ ಮುಂದಕ್ಕೆ ಹಾಕೋದು. ಮಳೆ ಬಂತು ಅಂತ ಮ್ಯಾಚ್ ಪುಟ್ ಆಫ್ ಮಾಡ್ತಾರಲ್ಲ, ಹಂಗೆ."

ಮಕ್ಳಿಗೆ ತಿಳಿಯೋ ಉದಾಹರಣೆ ಇನ್ನೊಂದು ಬೇಕಿತ್ತು ಅವಳಿಗೆ. ಕಾಯಿ ಅಟ್ಟಕ್ಕೆ ಹಾಕಿ ವರ್ಷಗಟ್ಲೆ ಬಿಡ್ತೀವಲ್ಲ, ಅದನ್ನೇ ಹೇಳು ಅಂದ ಅವನು. ಒಳಗೆ ಮುದ್ದೆ ತಿರುವುತಿದ್ದ ಹೆಂಡ್ತಿ ಗಂಗಕ್ಕ ಅಲ್ಲಿಂದ್ಲೇ ಅಂದ್ಲು:

"ಅಟ್ಟದ ಕಾಯಿ ಬುಟ್ಟಷ್ಟೂ ಹದ ಆಯ್ತದೆ ಕಣೇ. ನಿಮ್ಮಾವನ ಕಣ್ಣು ಬರ್ಕೊ. ಅದು ಸರಿಯಾದ ಪುಟ್ ಆಫು."

ಮೂವರೂ ನಕ್ರು. ಹುಚ್ಚರಂಗಯ್ಯನೂ ನಕ್ಕ, ಆದ್ರೆ ಆವತ್ತು ಅರ್ಧ ಮುದ್ದೆಗೇ ಎದ್ದ.

ಭಾನುವಾರ ಗಂಗಕ್ಕ ತಂಗಿ ನೋಡಕ್ಕೆ ದಂಡಿನಶಿವರಕ್ಕೆ ಹೋಗಿದ್ಲು. ದಿನಾ ಅವನ ಪಕ್ಕ ಕೂತು ಕೊಬ್ಬರಿ ರಾಶಿ ಮಾಡೋಳು ಅವಳೇ. ಆವತ್ತು ರಾಧಾಮಣಿ ಕೂತ್ಲು. ಅವನು ಅಲ್ಲಾಡಿಸಿ, ಕಿವಿಗೆ ಹಿಡಿದು, ಚಿಪ್ಪು ಬಿಡಿಸಿ ರಾಶಿಗೆ ಎಸೀತಿದ್ದ. ಅವಳು ಒಂದು ಉಂಡೆ ಎತ್ಕಂಡು, ಮಾವ, ಇದಕ್ಕೆ ಬೂಷ್ಟು ಹಿಡಿದೈತೆ ಅಂದ್ಲು. ಸ್ವಲ್ಪ ಹೊತ್ತಿಗೆ ಇನ್ನೊಂದು. ಆಮೇಲೆ ಮತ್ತೊಂದು.

ಇಷ್ಟ್ ದಿನ ಒಂದೂ ಬರ್ಲಿಲ್ವಲ್ಲ ಅಂದ ಅವನು. ರಾಧಾಮಣಿ ತಲೆ ತಗ್ಗಿಸಿದ್ಲು.

"ಅತ್ತೆ ತೆಗೆದು ಗೋಣಿ ಕೆಳಗೆ ಹಾಕ್ತಿದ್ರು ಮಾವ. ಹೇಳ್ಬ್ಯಾಡ ಅಂದಿದ್ರು."

ಉಂಡೆ ಇಸ್ಕಂಡು ಮೂಗಿನ ಹತ್ರ ತಂದು ನೋಡಿದ. ಅವನ ಕಣ್ಣಿಗೆ ಒಳ್ಳೇದೂ ಬೂದಿ ಬಣ್ಣ, ಕೆಟ್ಟಿದ್ದೂ ಬೂದಿ ಬಣ್ಣ. ಒಂದು ಸುಗ್ಗಿ ಪೂರ್ತಿ ಗಂಗಕ್ಕನ ಕಣ್ಣಲ್ಲೇ ಕೆಲ್ಸ ಮಾಡಿದ್ದ. ಕತ್ತಿ ಕೆಳಗಿಟ್ಟ.

ಸಂಜೆ ಗಂಗಕ್ಕ ಬಸ್ಸಿಳಿದು ಬರೋ ಹೊತ್ತಿಗೆ ರಾಶಿ ಬೆಳಗ್ಗೆ ಇದ್ದಷ್ಟೇ ಇತ್ತು. ನಾಳೆ ಮೊದಲ ಬಸ್ಸಿಗೆ ಆಸ್ಪತ್ರೆಗೆ ಹೋಗಾನ ಅಂದ ಅವನು. ಅಟ್ಟದಾಗೆ ಇನ್ನೂ ಅರ್ಧದಷ್ಟು ಕಾಯಿ ಅವಲ್ಲ ಅಂದ್ಲು ಅವಳು.

"ಅವು ಇರ್ತವೆ ಬುಡು" ಅಂದ. ಆಮೇಲೆ ಸೊಸೆ ಕಡೆ ತಿರುಗಿದ. "ನಿನ್ ಪುಟ್ ಆಫ್ ಪಾಠಕ್ಕೆ ಇನ್ಯಾರ್ನಾದ್ರೂ ನೋಡ್ಕಳವ್ವ."